ಯಾರ ಹೊಟ್ಟೆಯ ಹುಳು

ರಾಯರ ಮೊಮ್ಮಗಳಿಗೆ ಫಿಟ್ಸ್ ಬಂತು. "ಮಿದುಳಲ್ಲಿ ಲಾಡಿಹುಳುವಿನ ಮರಿ ಕೂತಿದೆ. ಮನೆಯಲ್ಲಿ ಯಾರದೋ ಹೊಟ್ಟೇಲಿ ಹುಳ ಇದೆ. ಸರಿಯಾಗಿ ತೊಳೆಯದ ಕೈಯಿಂದ ಅದರ ಮೊಟ್ಟೆ ಊಟಕ್ಕೆ ಸೇರಿದೆ," ಎಂದರು ಡಾಕ್ಟರು.

ದಿನವೂ ಮಡಿಯುಟ್ಟು ಮೊಮ್ಮಗಳಿಗೆ ಮೊಸರನ್ನದ ಕೈತುತ್ತು ಹಾಕುತ್ತಿದ್ದ ರಾಯರು, ಪಾತ್ರೆ ತೊಳೆಯುವ ಚೌಡಮ್ಮನ ಕಡೆ ತಿರುಗಿದರು.

"ಹಂದಿ ತಿನ್ನೋರನ್ನ ಒಳಗೆ ಬಿಟ್ಕೊಂಡ್ರೆ ಇನ್ನೇನಾಗತ್ತೆ? ನಾಳೆಯಿಂದ ಹೊಸ್ತಿಲು ತುಳೀಬೇಡ."

"ನಾವು ಚೆನ್ನಾಗಿ ಬೇಯಿಸೇ ತಿಂತೀವಿ ಬುದ್ಧಿ. ಎಲ್ಲಾರ್ದೂ ಪರೀಕ್ಷೆ ಮಾಡ್ಸಿ, ಆಮೇಲೆ ಹೋಗ್ತೀನಿ."

"ಮಾಡ್ಸೋಣ! ಆ ಚೀಟೀನ ನಿನ್ನ ಮುಖಕ್ಕೇ ಹಿಡೀತೀನಿ."

ಎಲ್ಲರ ಮಲಪರೀಕ್ಷೆಯೂ ಆಯಿತು. ಚೌಡಮ್ಮನ ಚೀಟಿಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಇನ್ನೊಂದು ಚೀಟಿ ಎತ್ತಿಕೊಂಡರು.

"ಅರೆಬೆಂದ ಹಂದಿಮಾಂಸ ತಿಂದೋರಿಗೆ ಮಾತ್ರ ಬರೋ ಹುಳ ಇದು. ರಾಯರೇ, ನೀವು ಎಲ್ಲಿ ತಿಂದಿರಿ?"