ಫೋನ್ ಎತ್ತಿದ್ದು ಯಾರು?

ಮತ್ತೆ ಯಾರೋ ಫೋನ್ ಎತ್ತಿದರು. ಪರದೆಯ ಮೇಲೆ ತೆವಳುತ್ತಿದ್ದ ನೀಲಿ ಪಟ್ಟಿ ನಿಂತಿತು. ಅದೇ ಫೋನ್ ಲೈನಿನಲ್ಲಿ ಬರುತ್ತಿದ್ದ ಇಂಟರ್ನೆಟ್ ಕಡಿಯಿತು. ಅಕ್ಷಯ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದ. ಅಡಿಗೆಮನೆಯ ಗೋಡೆಯ ಫೋನಿನ ವೈರು ಇನ್ನೂ ತೂಗುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ರಿಸೀವರಿಗೆ ಮಾತ್ರ ಹಸಿ ಉದ್ದಿನ ಹಿಟ್ಟು ಅಂಟಿತ್ತು.

ಆ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನ ಎದುರಿನ ಹೋಟೆಲು ಅವನ ಸೋದರಮಾವ ಸದಾನಂದರದು. ಬಿಲ್ಲು, ಪಾರ್ಸೆಲು, ಅಡಿಗೆಮನೆ ಮೂರಕ್ಕೂ ಸೇರಿ ಒಂದು ಸರ್ವರ್ ಕಂಪ್ಯೂಟರ್ ಇಡುತ್ತೇನೆ, ಅದರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕುತ್ತೇನೆ, ಲಿನಕ್ಸ್ ಪುಕ್ಕಟೆ ಎಂದು ಅಕ್ಷಯ ವಿವರಿಸಿದಾಗ ಮಾವನ ಕಿವಿಗೆ ಬಿದ್ದದ್ದು ಕೊನೆಯ ಪದ ಮಾತ್ರ. ಅತ್ತೆ ಸ್ವರ್ಣಲತಾ ಗಡುವು ಕೊಟ್ಟರು. ಭಾನುವಾರದೊಳಗೆ ಅದು ನಡೆಯದಿದ್ದರೆ ಕಂಪ್ಯೂಟರು ಗುಜರಿಗೆ, ಅಳಿಯ ಪಾರ್ಸೆಲ್ ಕೌಂಟರಿನಲ್ಲಿ ಚಟ್ನಿ ಕಟ್ಟಲಿಕ್ಕೆ. ಬಿ.ಇ. ಪಾಸಾದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ನಿಜಕ್ಕೂ ಅವನು ಈ ಡೌನ್‌ಲೋಡಿನ ಗೋಳಿಗೆ ಬೀಳಬೇಕಾಗಿಯೇ ಇರಲಿಲ್ಲ. ಆ ತಿಂಗಳ ಕಂಪ್ಯೂಟರ್ ಪತ್ರಿಕೆಯ ಜೊತೆ ಲಿನಕ್ಸಿನ ಸಿಡಿ ಉಚಿತವಾಗಿ ಬರುವುದಿತ್ತು. ಸೋಮವಾರ ಅವನು ಕೆಳಗೆ ಬಂದಾಗ ಪತ್ರಿಕೆ ಕೌಂಟರಿನ ಮೇಲಿತ್ತು, ಸಿಡಿ ಇರಲಿಲ್ಲ. ಮಾವ ಆಗಷ್ಟೇ ಫೋನ್ ಇಟ್ಟಿದ್ದರು.

“ಯಾರ ಫೋನು ಮಾವ?”

“ರಾಂಗ್ ನಂಬರ್,” ಎಂದು ಅವರು ಗಣಪತಿಯ ಕಡೆ ತಿರುಗಿ ಊದುಬತ್ತಿ ಹಚ್ಚತೊಡಗಿದರು.

ಅಕ್ಷಯ ಪೇಪರಿನವನ ಜೊತೆ ಮರಾಠಿಯಲ್ಲಿ ಮನಸಾರೆ ಜಗಳವಾಡಿದ. ಸಿಡಿ ಕೊಟ್ಟಿದ್ದೇನೆಂದು ಅವನು ತಾಯಿಯ ಮೇಲೆ ಆಣೆ ಹಾಕಿದ. ಸೋತು ಬಂದವನಿಗೆ ಮಾವನೇ ದಾರಿ ತೋರಿಸಿದರು. “ಫೋನಿನಲ್ಲಿ ಇಳಿಸು. ಅವಸರ ಬೇಡ. ಒಳ್ಳೆದು ನೋಡಿ ಆರಿಸು.”

“ಬಿಲ್ಲು ಬರ್ತದೆ ಮಾವ.”

“ಬರ್ಲಿ ಬಿಡು.”

ಒಗ್ಗರಣೆಯ ಕರಿಬೇವನ್ನು ಎಣಿಸಿ ಹಾಕಿಸುವ ಮನುಷ್ಯ ಆಡುವ ಮಾತೇ ಇದು! ಅಕ್ಷಯನಿಗೆ ಕಣ್ಣು ತುಂಬಿ ಬಂತು.

“ಹಾಗಾದ್ರೆ ರೆಡ್ ಹ್ಯಾಟ್ ಅನ್ನುವ ಲಿನಕ್ಸ್ ಇಳಿಸ್ತೇನೆ.”

“ಕೆಂಪು ಟೊಪ್ಪಿಯಾ? ಬೇಡ ಮಾರಾಯ. ನಮ್ಮಲ್ಲಿಗೆ ಎಲ್ಲಾ ಪಾರ್ಟಿಯವರೂ ಊಟಕ್ಕೆ ಬರ್ತಾರೆ.”

“ಸ್ಲ್ಯಾಕ್‌ವೇರ್ ಅಂತ ಒಂದುಂಟು.”

“ಹಾಗಂದ್ರೆ ಎಂತ?”

“ಸ್ಲ್ಯಾಕ್ ಅಂದ್ರೆ... ಸಡಿಲ.”

“ಹೋಟೆಲಿಗೆ ಅಂಥ ಹೆಸರಾ?”

“ಡೆಬಿಯನ್ ಉಂಟು. ಆದ್ರೆ ಅದು ಏಳು ಸಿಡಿ.”

ಮಾವನ ಮುಖ ಅರಳಿತು. “ಏಳಾ! ಅದೇ ಇರ್ಲಿ.”

“ಒಂದೇ ಸಾಕು ಮಾವ, ಸರ್ವರ್ ನಡೀತದೆ. ಸೈಬರ್ ಕೆಫೆಯಲ್ಲಾದ್ರೆ ಇನ್ನೂ ಬೇಗ—”

“ಮನೆಯಲ್ಲಿ ಫೋನ್ ಇಟ್ಕೊಂಡು ಬೀದಿಗೆ ಹೋಗುದಾ? ಪುಕ್ಕಟೆ ಸಿಗುವಾಗ ಹಾಫ್ ಪ್ಲೇಟ್ ಯಾಕೆ?”

ಹೀಗೆ ಫೋನು ಹಗಲಿಡೀ ಎಂಗೇಜ್. ಪಾರ್ಸೆಲ್ ಆರ್ಡರು ನಿಂತಿತು. “ಇವರಿಗೆ ಕಂಪ್ಯೂಟರ್ ಹುಚ್ಚು ಹಿಡಿದಿದೆ, ಜೊತೆಗೆ ದೇವರ ಹುಚ್ಚು ಬೇರೆ,” ಎಂದು ಅತ್ತೆ ಗೊಣಗಿದರು. ಅದೂ ಸುಳ್ಳಲ್ಲ. ಕೌಂಟರಿನ ಗಣಪತಿಯ ಬೆನ್ನಿಗೆ ಮಾವ ಥಳಥಳಿಸುವ ಹೊಸ ಪ್ರಭಾವಳಿ ಇಟ್ಟಿದ್ದರು. ಗಿರಾಕಿಗಳು ಬಿಲ್ಲು ಕೊಡುವಾಗ ಕೈಮುಗಿದು ಹೋಗುತ್ತಿದ್ದರು.

ಆದರೆ ಡೌನ್‌ಲೋಡು ಮಾತ್ರ ದಿನಾ ಕಡಿಯುತ್ತಿತ್ತು. ಮತ್ತೆ ಮೊದಲಿನಿಂದ. ಗುರುವಾರ ಅಕ್ಷಯ ಅಕ್ಕಿ ಮೂಟೆಯ ಹಿಂದೆ ಅಡಗಿ ಕುಳಿತು ಕಳ್ಳನನ್ನು ಹಿಡಿದೇಬಿಟ್ಟ. ಅಡಿಗೆಯ ಮೋಹನದಾಸ್! ದೋಸೆಯವನು ಹೋದ ತಿಂಗಳೇ ಬೇರೆ ಹೋಟೆಲಿಗೆ ಹಾರಿದ್ದ. ಈಗ ಹೋಟೆಲು ನಿಂತಿದ್ದದ್ದೇ ಈ ಮನುಷ್ಯನ ಸಾಂಬಾರಿನ ಮೇಲೆ. ಇವನೂ ಹೋದರೆ ಶಟರ್ ಎಳೆಯುವುದೇ. ಹಾಗಾಗಿ ಗದರಿಸುವಂತೆಯೂ ಇರಲಿಲ್ಲ.

“ಎಂತ ಮೋಹನಣ್ಣ ಇದು?”

“ಅಕ್ಕ ಫೋನ್ ಮಾಡ್ತೇನೆ ಅಂದಿದ್ಳು. ಲೈನ್ ಉಂಟಾ ಅಂತ ನೋಡಿದೆ. ಒಳಗೆ ಕಪ್ಪೆ ಕೂಗ್ತದೆ.”

“ಎಸ್‌ಟಿಡಿ ಬೂತಿನಿಂದ ನೀವೇ ಮಾಡಿ.”

“ನಂಬರ್ ಇಲ್ಲ ಮಾರಾಯ. ಅವಳೇ ಮಾಡ್ಬೇಕು.”

ಸುದ್ದಿ ಕೇಳಿ ಮಾವ ಲೊಚಗುಟ್ಟಿದರು. “ಪಾಪ.” ಆಮೇಲೆ ಅಡಿಗೆಮನೆಯ ಫೋನನ್ನೇ ಕಳಚಿ ಕೌಂಟರಿನ ಡ್ರಾದಲ್ಲಿಟ್ಟು ಬೀಗ ಹಾಕಿದರು. ತನ್ನ ಸರ್ವರಿಗಾಗಿ ಮಾವ ಇಷ್ಟೆಲ್ಲ ಮಾಡುತ್ತಿದ್ದಾರಲ್ಲ ಎಂದು ಅಕ್ಷಯನ ಎದೆ ಉಬ್ಬಿತು.

ಇನ್ನು ತೊಂದರೆಯಿಲ್ಲ ಎನ್ನುವಾಗ ಕರೆಂಟು ಕೈಕೊಟ್ಟಿತು. ಭಾನುವಾರ ಬಂತು. ಏಳು ಸಿಡಿಗಳಲ್ಲಿ ಮೊದಲನೆಯದೇ ಮುಕ್ಕಾಲು ದಾಟಿರಲಿಲ್ಲ. ಅತ್ತೆ ಚಟ್ನಿ ಕಟ್ಟುವ ಪ್ಲಾಸ್ಟಿಕ್ ಚೀಲ, ದಾರ ಎರಡನ್ನೂ ತಂದು ಅವನ ಎದುರು ಇಟ್ಟು ಹೋದರು.

ಅಷ್ಟರಲ್ಲಿ ತರಕಾರಿ ಹಾಕುವ ಕಿಶೋರ ಯಾರ್ಡಿನಿಂದ ಬಂದ. ಮೂಟೆ ಇಳಿಸುತ್ತ ಹೇಳಿದ, “ಊರಂಚಿನ ಖರಾಡ್ಯಾಗ ಹೊಸಾ ಹೋಟೆಲ್ ಇವತ್ತ ಸುರು ಆತ್ರಿ. ಮುಂಬೈ ಮಾಲಕ್ರು. ಈ ಕಡೆ ಯಾರೋ ಅಡಿಗಿಯವ್ರು ಬೇಕಂತ ಈ ವಾರಪೂರ್ತಿ ಫೋನ್ ಹಚ್ಚಿದ್ರಂತ, ಯಾವಾಗ ನೋಡಿದ್ರೂ ಎಂಗೇಜ್. ಕಡೀಕ ಕುಂದಾಪುರದಿಂದ ಬ್ಯಾರೆಯವ್ರನ್ನ ಕರಸ್ಯಾರ್ರಿ.”

ಒಳಗೆ ಮೋಹನದಾಸನ ಕೈಯ ಸೌಟು ಠಣ್ಣೆಂದು ಬಿತ್ತು.

ಮೋಹನದಾಸ್ ಕಾಯುತ್ತಿದ್ದದ್ದು ಅಕ್ಕನ ಫೋನಿಗಲ್ಲ ಎಂದು ಅಕ್ಷಯನಿಗೆ ಅರ್ಥವಾಯಿತು. ತನ್ನ ಒಂದು ಲಿನಕ್ಸಿನಿಂದ ಪಾಪದವನ ದೊಡ್ಡ ಕೆಲಸವೇ ತಪ್ಪಿತಲ್ಲ! ಸರ್ವರೂ ಇಲ್ಲ, ಪುಣ್ಯವೂ ಇಲ್ಲ. ಚಟ್ನಿ ಚೀಲ ಹಿಡಿದು ತಲೆತಗ್ಗಿಸಿ ಕೌಂಟರಿಗೆ ಬಂದ.

“ಆಗ್ಲಿಲ್ಲ ಮಾವ. ಸೋತೆ.”

ಸದಾನಂದರು ಡ್ರಾದ ಬೀಗ ತೆಗೆದು ಫೋನನ್ನು ಹೊರಗಿಟ್ಟರು. “ಮೋಹನದಾಸ್, ಇದನ್ನು ಗೋಡೆಗೆ ಸಿಕ್ಕಿಸು. ನಿನ್ನ ಅಕ್ಕ ಫೋನ್ ಮಾಡಿಯಾಳು,” ಎಂದು ಒಳಗೆ ಕೂಗಿದರು. ಆಮೇಲೆ ಗಣಪತಿಗೆ ಕೈಮುಗಿದು, ಬೆನ್ನಿನ ಪ್ರಭಾವಳಿಯನ್ನು ನಾಜೂಕಾಗಿ ಎಳೆದು, ಅಂಟಿದ್ದ ಕುಂಕುಮ ಒರೆಸಿ, ಮಗುಚಿ ಅಳಿಯನ ಕೈಗಿತ್ತರು. ಹಿಂಬದಿಯಲ್ಲಿ ಆ ತಿಂಗಳ ಪತ್ರಿಕೆಯ ಹೆಸರಿತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಲಿನಕ್ಸ್, ಉಚಿತ’.

“ಸರ್ವರಿಗೆ ಇದನ್ನೇ ಹಾಕು ಮಾರಾಯ. ಇನ್ನು ಖರಾಡಿಯಿಂದ ರಾಂಗ್ ನಂಬರ್ ಬರುದಿಲ್ಲ.”