ಹೆಸರು ಕೊರೆಸಿದ ಲೋಟ

ಹನ್ನೊಂದು ಗಂಟೆಯ ಚಹಾಕ್ಕೆ ಬೋರವ್ವ ಎಲ್ಲರಿಗೂ ಹಳೆಯ ಸ್ಟೀಲ್ ಲೋಟ ಹಂಚಿ, ರೇಣವ್ವನ ಕೈಗೆ ಮಾತ್ರ ಹೊಚ್ಚ ಹೊಸದೊಂದನ್ನು ಇಟ್ಟಳು. ಅದರ ಮೇಲೆ ಹೆಸರು ಕೊರೆಸಿತ್ತು: ರೇಣವ್ವ. ಟಿ.ಬಿ. ಎಂದು ಗೊತ್ತಾಗಿ ಎರಡು ತಿಂಗಳು ಮನೆಯಲ್ಲಿದ್ದು, ಗುಳಿಗೆ ನುಂಗಿ, ‘ಇನ್ನು ಕೆಲಸಕ್ಕೆ ಹೋಗಬಹುದು’ ಎಂಬ ಡಾಕ್ಟರ ಚೀಟಿ ಹಿಡಿದು ಅವಳು ತಿಕೋಟಾದ ಆ ಒಣದ್ರಾಕ್ಷಿ ಘಟಕಕ್ಕೆ ಮರಳಿದ ಮೊದಲ ದಿನ ಅದು.

“ಇದ್ಯಾಕ ಬೋರಕ್ಕಾ?”

“ನಿಂದ ಐತಿ, ತಗೋ. ನಿನಗಂತನ ತಂದೇನಿ. ಇದನ್ನ ಮತ್ತ ಯಾರೂ ಮುಟ್ಟೂದಿಲ್ಲ,” ಎಂದಳು ಬೋರವ್ವ, ಮಗಳಿಗೆ ಬಂಗಾರ ತೊಡಿಸಿದವಳ ಹಾಗೆ.

ರೇಣವ್ವ ಕುಡಿಯಲಿಲ್ಲ. ಲೋಟವನ್ನು ನೆಲಕ್ಕಿಟ್ಟಳು.

“ನಮ್ಮವ್ವ ಸಣ್ಣಾಕಿದ್ದಾಗ ಚಾದಂಗಡಿ ಹೊರಗ, ಜಂತ್ಯಾಗ, ನಮ್ಮ ಓಣ್ಯಾವರಿಗಂತ ಒಂದ ಗಿಲಾಸ ಸಿಗಸಿ ಇಟ್ಟಿರತಿದ್ರು. ಕುಡದು, ತೊಳದು, ಮತ್ತ ಅಲ್ಲೇ ಇಡಬೇಕಾಗಿತ್ತು. ಅದನ್ನೂ ಮತ್ತ ಯಾರೂ ಮುಟ್ಟತಿದ್ದಿಲ್ಲ. ಅದರ ಮ್ಯಾಲೆ ಹೆಸರ ಇರತಿದ್ದಿಲ್ಲ, ಅಷ್ಟ ಫರಕ.” ದನಿ ಏರಿಸದೆ ಇಷ್ಟು ಹೇಳಿ, ಡಬ್ಬಿ ಎತ್ತಿಕೊಂಡು ಎದ್ದಳು. “ನಾಳಿಂದ ನಾ ಬರೂದಿಲ್ಲ.”

ಬೋರವ್ವ ಚಹಾದ ಕೆಟಲಿ ಹಿಡಿದು ನಿಂತೇ ಇದ್ದಳು. ಹನ್ನೊಂದು ವರ್ಷ ಎದುರುಬದುರು ಕೂತು ದ್ರಾಕ್ಷಿಯ ಕಡ್ಡಿ ಆರಿಸಿದವರು, ಒಂದೇ ಡಬ್ಬಿಯಲ್ಲಿ ರೊಟ್ಟಿ ಮುರಿದವರು ಅವರಿಬ್ಬರು. ಈ ಎರಡು ತಿಂಗಳೂ ರೇಣವ್ವನ ಜಾಗದಲ್ಲಿ ಯಾರೂ ಕೂರದಂತೆ ಬೋರವ್ವ ತನ್ನ ಡಬ್ಬಿ ಇಟ್ಟು ಕಾದಿದ್ದಳು. ಇಂಥವಳು ಬೇಕಂತಲೇ ನೋಯಿಸುತ್ತಾಳೆಯೇ? ಪ್ರೀತಿಯೇನೋ ಬೆಟ್ಟದಷ್ಟಿತ್ತು, ತಿಳಿವಳಿಕೆ ಮಾತ್ರ ಅರ್ಧಂಬರ್ಧ.

ಘಟಕದ ಒಡತಿ ವಿಜಯಲಕ್ಷ್ಮೀ ತನ್ನ ಪಿಂಗಾಣಿ ಕಪ್ಪನ್ನು ಮೇಜಿನ ಮೇಲಿಟ್ಟು ಎದ್ದಳು. ತಕ್ಕಡಿಯ ಹಿಂದಿನ ಗೋಡೆಗೆ ನರ್ಸಬಾಯಿ ಅಂಟಿಸಿ ಹೋಗಿದ್ದ ಹಾಳೆಯ ಮುಂದೆ ಬೋರವ್ವನನ್ನು ನಿಲ್ಲಿಸಿ ಗಟ್ಟಿಯಾಗಿ ಓದಿದಳು. ರೋಗಿಯ ಜೊತೆ ಕೆಲಸ ಮಾಡಿದವರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು. ಕೆಮ್ಮು, ಜ್ವರ ಬಂದರೆ ಮುಚ್ಚಿಡದೆ ಹೇಳಬೇಕು. ಕಿಟಕಿ ತೆರೆದಿಡಬೇಕು. ಔಷಧ ಪಡೆದು, ಡಾಕ್ಟರ ಒಪ್ಪಿಗೆಯಿಂದ ಮರಳಿದವರನ್ನು ದೂರ ಕೂರಿಸಬಾರದು. ಇದು ಗಾಳಿಯಿಂದ ಹರಡುವ ರೋಗ. ತಾಟು, ಲೋಟ ಬೇರೆ ಮಾಡುವ ಅಗತ್ಯವಿಲ್ಲ.

“ನರ್ಸಬಾಯಿ ಬಂದು ಇದನ್ನೆಲ್ಲಾ ಹೇಳುವಾಗ ಎಲ್ಲಿ ಹೋಗಿದ್ದಿ?”

“ಆಕೀಗೆ ಚಾ ಮಾಡಾಕ ಹೋಗಿದ್ದೆರಿ. ಬರೂದ್ರಾಗ ತಪಾಸಣಿ ಮಾತ ನಡದಿತ್ತು. ಎಲ್ಲಾರಗಿಂತ ಮೊದಲ ಮಾಡಿಸಿಕೊಂಡೇನ್ರಿ ನಾ. ಏನೂ ಇಲ್ಲ ಅಂದಾರ.”

“ಮತ್ತ ಈ ಹಾಳಿ? ಎರಡ ತಿಂಗಳಾತು, ನಿನ್ನ ತಲಿ ಮ್ಯಾಲೆ ಐತಿ.”

“ನನಗ ಓದಾಕ ಎಲ್ಲಿ ಬರತೈತ್ರಿ ಅಕ್ಕಾರ,” ಎಂದು ಬೋರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಹೊಸ ಲೋಟ ಇನ್ನೂ ನೆಲದ ಮೇಲೇ ಇತ್ತು, ಚಹಾ ಕೆನೆಗಟ್ಟಿತ್ತು.

ಸಂಜೆ ಅವಳು ಘಟಕದ ಲೋಟಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ವಿಜಯಪುರದ ಬಸ್ಸು ಹತ್ತಿದಳು.

ಮರುದಿನ ಬೆಳಗ್ಗೆ ಅದೇ ಚೀಲ ಹೊತ್ತು ರೇಣವ್ವನ ಮನೆಯ ಹೊಸ್ತಿಲು ದಾಟಿ, ಕೂರು ಅನ್ನಿಸಿಕೊಳ್ಳದೆಯೇ ಒಲೆಯ ಪಕ್ಕ ಕೂತಳು. ರೇಣವ್ವ ಮುಖ ತಿರುಗಿಸಿಕೊಂಡು ರೊಟ್ಟಿ ಬಡಿಯುತ್ತಲೇ ಇದ್ದಳು.

“ಮಾತಾಡಬ್ಯಾಡ, ಬಿಡು. ಚಾ ಕಾಸು. ಗಿಲಾಸ ನಾನ ತಂದೇನಿ.”

ಚೀಲ ಬೋರಲಾಯಿತು. ಲೋಟಗಳು ಸದ್ದು ಮಾಡುತ್ತ ನೆಲದ ತುಂಬ ಉರುಳಿದವು. ಕಾಲಿಗೆ ತಗುಲಿದ್ದನ್ನು ರೇಣವ್ವ ಎತ್ತಿದಳು: ಹಳೆಯದು, ಅಂಚು ನೆಗ್ಗಿದ್ದು, ಮೇಲೆ ಹೊಸದಾಗಿ ಕೊರೆಸಿದ್ದು: ರೇಣವ್ವ. ಇನ್ನೊಂದು ಎತ್ತಿದಳು. ಅದರ ಮೇಲೂ ರೇಣವ್ವ. ಹನ್ನೆರಡಕ್ಕೆ ಹನ್ನೆರಡೂ ಹಾಗೇ.

“ಗುಡಿ ಹತ್ತರದ ಬಾಂಡೆ ಅಂಗಡಿಯಾಂವ ಕೇಳಿದ, ಯಾರ ಮದವಿ ಆಯೇರಿ ಬೇ ಇವು ಅಂತ. ನೆಗ್ಗಿದ ಗಿಲಾಸ ಯಾರರೆ ಆಯೇರಿ ಮಾಡತಾರೇನೋ ಅಂದೆ,” ಎಂದು ಬೋರವ್ವ ನಗಲು ನೋಡಿದಳು, ಆಗಲಿಲ್ಲ. “ತಪ್ಪಾತು ರೇಣಿ. ನೀ ಎದರಿಗಿಲ್ಲಂದ್ರ ನನಗ ಕೈ ಓಡೂದಿಲ್ಲ.”

ರೇಣವ್ವ ಹಿಟ್ಟಿನ ಕೈಯಲ್ಲೇ ಲೋಟಗಳನ್ನು ಒಂದೊಂದಾಗಿ ಸಾಲಿಗೆ ನಿಲ್ಲಿಸಿದಳು. “ಇದರಾಗ ನಂದ್ಯಾವದು?”

“ನೀನ ಓದಿ ನೋಡ್ಕೋ.”

ಕಣ್ಣಲ್ಲಿ ನೀರಿದ್ದರೂ ರೇಣವ್ವನಿಗೆ ನಗು ತಡೆಯಲಾಗಲಿಲ್ಲ. “ನಿನ್ನಂಥ ಹುಚ್ಚಿ ಎಲ್ಲೂ ಇಲ್ಲ,” ಎಂದು ಬಿಸಿ ರೊಟ್ಟಿಗಳನ್ನು ಡಬ್ಬಿಗೆ ಹಾಕಿದಳು. ಇಬ್ಬರಿಗೆ ಸಾಲುವಷ್ಟು ಹಾಕಿದಳು.

ಅಂದು ಹನ್ನೊಂದಕ್ಕೆ ಬೋರವ್ವ ಎಲ್ಲರಿಗೂ ಚಹಾ ಹಂಚಿ, ವಿಜಯಲಕ್ಷ್ಮೀಯ ಕೈಗೂ ಒಂದು ಸ್ಟೀಲ್ ಲೋಟ ಕೊಟ್ಟಳು.

“ನನ್ನ ಕಪ್ಪ ಎಲ್ಲೈತಿ ಬೋರವ್ವಾ?”

“ಕಪಾಟನ್ಯಾಗ ಇಟ್ಟೇನ್ರಿ. ಬ್ಯಾರೆ ಗಿಲಾಸ ಯಾರಿಗೂ ಬ್ಯಾಡ ಅಂತ ನಿನ್ನೆ ಹಾಳಿ ನೋಡಿ ನೀವ ಓದಿದ್ರೆಲ್ರಿ ಅಕ್ಕಾರ.”

ವಿಜಯಲಕ್ಷ್ಮೀ ಲೋಟದ ಮೇಲಿನ ಹೆಸರು ಓದಿದಳು, ಎದುರಿಗೆ ಕೂತಿದ್ದ ರೇಣವ್ವನನ್ನು ನೋಡಿದಳು. ಆಮೇಲೆ ಸುಡುವ ಲೋಟವನ್ನು ಸೆರಗಿನಲ್ಲಿ ಹಿಡಿದು ಚಹಾ ಕುಡಿದಳು.