ಏಳು ಮನೆ ಸುತ್ತಿದ ಪೆಟ್ಟಿಗೆ

ತನ್ನ ಮಾಲಿನ ಮೂರನೆಯ ವಿಮರ್ಶೆಯಲ್ಲಿ ಹಿತ್ತಾಳೆ ಗುಂಡಿಗಳು ಪ್ರತ್ಯಕ್ಷವಾದಾಗ ವರ್ಲಿನ್ ಸ್ಟಾಫರ್ ಕಾಫಿ ಲೋಟ ಕೆಳಗಿಟ್ಟು ಮೊದಲಿಂದ ಓದಿದ. ಗುಂಡಿಗಳ ಹೊಳಪು ಕಣ್ಣಿಗೆ ಹಬ್ಬ ಎಂದು ಯಾರೋ ಪುಣ್ಯಾತ್ಮ ಬರೆದಿದ್ದ. ವರ್ಲಿನ್ ತನ್ನ ಜನ್ಮದಲ್ಲಿ ಹಿತ್ತಾಳೆ ಗುಂಡಿ ಹೊಲಿದವನಲ್ಲ. ಅವನದೇನಿದ್ದರೂ ಚರ್ಮದ ಲಾಡಿ, ಎರಡು ಗಂಟು, ಅಷ್ಟೇ.

ಐಡಹೋದ ಲೂಯಿಸ್ಟನ್‌ನಲ್ಲಿ, ಮನೆಯ ಕಾರ್ ಷೆಡ್ಡಿನಲ್ಲೇ ಅವನ ಕಂಪನಿ. ಕಂಪನಿ ಎಂದರೆ ಅವನು, ಹೆಂಡತಿ ನೋರೀನ್ ಮತ್ತು ಒಂದು ಹೊಲಿಗೆ ಯಂತ್ರ. ತಯಾರಾಗುವುದು ಒಂದೇ ಮಾಲು: ರೈಫಲ್ಲಿನ ಹಿಡಿಗೆ ಕಟ್ಟುವ ಚರ್ಮದ ಮೆತ್ತೆ. ಗುರಿ ಹಿಡಿಯುವವನ ಕೆನ್ನೆ ಅದರ ಮೇಲೆ ಹಾಯಾಗಿ ಕೂರಬೇಕು.

ಇಂಥದ್ದು ಅಂಗಡಿಯಲ್ಲಿ ಬಿಕರಿಯಾಗುವುದಿಲ್ಲ. ಬಿಕರಿಯಾಗುವುದು ಇಂಟರ್ನೆಟ್ಟಿನಲ್ಲಿ, ಬಂದೂಕುಪ್ರಿಯರ ಹರಟೆಕಟ್ಟೆಯಲ್ಲಿ. ಅಲ್ಲಿ ಸಣ್ಣ ಕಂಪನಿಗಳಿಗೆ ಒಂದೇ ಪರೀಕ್ಷೆ, ಅದರ ಹೆಸರು ಸುತ್ತು. ಒಂದು ನಮೂನೆಯನ್ನು ಪೆಟ್ಟಿಗೆಗೆ ಹಾಕಿ ಕಳಿಸಬೇಕು. ಏಳು ಸದಸ್ಯರು ಒಬ್ಬರಾದ ಮೇಲೊಬ್ಬರು ವಾರಕಾಲ ಬಳಸಿ, ನಾಲ್ಕು ಮಾತು ಬರೆದು, ಹೊಸ ವಿಳಾಸದ ಚೀಟಿ ಅಂಟಿಸಿ ಮುಂದಿನವನಿಗೆ ಅಂಚೆಗೆ ಹಾಕುತ್ತಾರೆ. ಏಳೂ ಜನ ಹೂಂ ಅಂದರೆ ಕಟ್ಟೆಯಲ್ಲಿ ಮಾರಲು ಪರವಾನಗಿ. ಫೋಟೋ ಹಾಕುವಂತಿಲ್ಲ, ತಮ್ಮ ಕೋವಿಯ ನಂಬರು ಸರ್ಕಾರದ ಕಣ್ಣಿಗೆ ಬಿದ್ದೀತು ಎಂಬ ಭಯ ಆ ಶೂರರಿಗೆಲ್ಲ. ಸುತ್ತು ಮುಗಿಯುವವರೆಗೆ ತಯಾರಕ ತುಟಿ ಪಿಟಕ್ಕೆನ್ನಬಾರದು.

ವರ್ಲಿನ್ ಅಂತೂ ಉಸಿರೂ ಬಿಡುವಂತಿರಲಿಲ್ಲ. ಹೋದ ವರ್ಷ ನಿವೃತ್ತ ಸೈನಿಕನ ವೇಷದಲ್ಲಿ ತನ್ನ ಮೆತ್ತೆಯನ್ನು ತಾನೇ ಹಾಡಿಹೊಗಳಿ, ಕೊನೆಗೆ ಅಭ್ಯಾಸಬಲದಿಂದ 'ಇಂತಿ, ವರ್ಲಿನ್' ಎಂದು ಬರೆದು ಸಿಕ್ಕಿಬಿದ್ದಿದ್ದ. ಇದೇ ಕೊನೆಯ ಅವಕಾಶ. ಇದೂ ಕೈತಪ್ಪಿದರೆ ಒರೊಫಿನೊದಲ್ಲಿರುವ ನೋರೀನಳ ತಮ್ಮ ಗಾರ್ತ್‌ನ ಲಾರಿ ಗ್ಯಾರೇಜಿಗೆ ಮತ್ತೆ ಕೂಲಿಗೆ ಹೋಗಬೇಕು. ಹನ್ನೊಂದು ವರ್ಷ ಅಲ್ಲಿ ಸಿಮೆಂಟು ನೆಲದಲ್ಲಿ ಮಂಡಿಯೂರಿ ಅವನಿಗೆ ಸಾಕುಸಾಕಾಗಿತ್ತು.

ಪೆಟ್ಟಿಗೆ ಕಟ್ಟಿದವಳು ನೋರೀನ್. ಕ್ರಿಸ್‌ಮಸ್‌ಗೆ ತಂದು ಉಳಿದಿದ್ದ ಜಿಂಕೆ ಚಿತ್ರದ ಟೇಪು ಮುಗಿಯುವವರೆಗೆ ಆ ಮನೆಯಿಂದ ಹೊರಡುವ ಎಲ್ಲಕ್ಕೂ ಅದೇ. ಗಂಡಸರ ಮಾಲಿಗೆ ಇದೆಂಥ ಟೇಪು ಎಂದು ವರ್ಲಿನ್ ಗೊಣಗಿದ್ದ.

"ಅವರು ಹೊಡೆಯೋದೂ ಜಿಂಕೇನೇ ಅಲ್ವಾ?" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ನಾಲ್ಕನೆಯ ವಿಮರ್ಶಕನೂ ಗುಂಡಿಗಳನ್ನು ಕೊಂಡಾಡಿದ. ಐದನೆಯವನು ಎಣಿಸಿ ನಾಲ್ಕು ಎಂದ. ಆರನೆಯವನು ಆರು ಎಂದ. ವರ್ಲಿನ್‌ಗೆ ಅನುಮಾನ ಉಳಿಯಲಿಲ್ಲ. ಹಿತ್ತಾಳೆ ಗುಂಡಿಯ ಖಯಾಲಿ ಇರುವುದು ಸ್ಪೋಕೇನ್‌ನ ಡೆಲ್ಮರ್ ರಸ್ಕ್‌ಗೆ. ಅವನೂ ಮೆತ್ತೆ ಮಾಡುವವನೇ, ಕಟ್ಟೆಯಲ್ಲಿ ಹತ್ತು ಕಳ್ಳಹೆಸರು ಇಟ್ಟುಕೊಂಡವನು. ಆ ಮೂರನೆಯ ಪುಣ್ಯಾತ್ಮ ಅವನೇ.

"ಬದಲಾಯಿಸಿಬಿಟ್ಟಿದಾನೆ ಕಣೇ. ನನ್ನದು ಎತ್ತಿಕೊಂಡು ಅವನದನ್ನ ಒಳಗಿಟ್ಟಿದಾನೆ."

"ಇಡಲಿ ಬಿಡು. ಹೊಗಳಿಕೆ ನಿನ್ನ ಹೆಸರಿಗೆ ತಾನೇ ಬರ್ತಿರೋದು? ಸುಮ್ನಿರು."

ಮಾತು ನಿಜವಾಗಿತ್ತು. ವರ್ಲಿನ್ ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತ.

ಆ ನಡುವೆ ಗಾರ್ತ್‌ನ ಫೋನು. ಅಕ್ಕ ಹೋದ ತಿಂಗಳೇ ಹುಟ್ಟುಹಬ್ಬಕ್ಕೆ ತಾನೇ ಹೆಣೆದ ಉಣ್ಣೆಯ ಕಾಲುಚೀಲ ಕಳಿಸಿದ್ದಳು, ಅದಕ್ಕೆ ಉಪಕಾರ ಹೇಳಬೇಕಿತ್ತು ಅವನಿಗೆ. ಫೋನು ಎತ್ತಿದ್ದು ವರ್ಲಿನ್.

"ಭಾವ, ಕಟ್ಟಿಕೊಂಡ್ರೆ ಬಿಚ್ಚೋಕೇ ಮನಸ್ಸಾಗಲ್ಲ ಅಂತೀನಿ. ಆದ್ರೆ ಒಂದೇ ಇದೆಯಲ್ಲ, ಇನ್ನೊಂದೆಲ್ಲಿ? ನಮ್ಮ ಮೆಕ್ಯಾನಿಕ್‌ಗಳು ಐದೂ ಜನ ತಮಗೂ ಬೇಕು ಅಂತ ಪ್ರಾಣ ತಿಂತಿದಾರೆ."

ಎರಡೂ ಇಟ್ಟಿದ್ದೆ, ದೇವರಾಣೆ ಎಂದಳು ನೋರೀನ್. ಅಷ್ಟು ಜನಕ್ಕೆ ಹೆಣೆಯಲು ತನ್ನಿಂದಾಗದು ಎಂದೂ ಸೇರಿಸಿದಳು. ಗಂಡಸರು ಕಾಲುಚೀಲಕ್ಕೆ ಬಾಯಿಬಿಡುವ ಕಾಲ ಬಂತಲ್ಲ ಎಂದು ವರ್ಲಿನ್ ತಲೆ ಕೊಡವಿದ.

ಏಳನೆಯವನು ಆರಿನ್ ಟೇಟ್. ಕಟ್ಟೆಗೆ ಅವನೇ ಹಿರಿಯ, ಅವನ ಮಾತೇ ಕೊನೆ. ಅವನು ಬರೆದದ್ದು ಇಷ್ಟು: 'ಇನ್ನೂರು ಗುಂಡು ಹಾರಿಸಿದೆ. ಹೊಲಿಗೆ ಬಿಟ್ಟಿತು. ಕೆನ್ನೆ ತರಚಿತು. ಹಿತ್ತಾಳೆ ಗುಂಡಿ ಮಾತ್ರ ಪರವಾಗಿಲ್ಲ.'

ಗಂಟೆಯೊಳಗೆ ಉಳಿದ ಆರೂ ಜನ ತಮಗೂ ಹಾಗೇ ಅನ್ನಿಸಿತ್ತು ಎಂದು ತಿದ್ದಿ ಬರೆದರು. ಪರವಾನಗಿ ಇಲ್ಲ.

ವರ್ಲಿನ್ ಮುಚ್ಚುಮರೆಯಿಲ್ಲದೆ ಅತ್ತ. ನೋರೀನ್ ಹಕಲ್‌ಬೆರಿ ಹಣ್ಣಿನ ಪೈ ತಂದು ಮುಂದಿಟ್ಟರೂ ಮುಟ್ಟಲಿಲ್ಲ. ಸೋಮವಾರ ಗಾರ್ತ್‌ನ ಹತ್ತಿರ ಹೋಗುತ್ತೇನೆ, ಇನ್ನೇನು ಮಾಡಲಿ ಎಂದ.

ಶನಿವಾರ ಪೆಟ್ಟಿಗೆ ವಾಪಸು ಬಂತು. ಒಂದರ ಮೇಲೊಂದು ವಿಳಾಸದ ಚೀಟಿಗಳು ರೊಟ್ಟಿಯಷ್ಟು ದಪ್ಪ ಸೇರಿದ್ದವು. ವರ್ಲಿನ್ ಅದನ್ನು ತಿರುವಿ ನೋಡಿದ. ಮತ್ತೆ ನೋಡಿದ. ಜಿಂಕೆಗಳ ಟೇಪು ಅಂಟಿಸಿದ ಹಾಗೇ ಇತ್ತು, ಒಂದು ಜಿಂಕೆಯ ಕುತ್ತಿಗೆಯೂ ಕೊಯ್ದಿರಲಿಲ್ಲ.

"ಯಾವ ನನ್ಮಗನೂ ತೆಗೆದೇ ನೋಡಿಲ್ಲ ಕಣೇ!"

ರಸ್ಕ್ ಬದಲಾಯಿಸಿರಲಿಲ್ಲ, ಟೇಟ್ ಗುಂಡು ಹಾರಿಸಿರಲಿಲ್ಲ. ಒಬ್ಬ ಬಾಯಿಗೆ ಬಂದ ಗುಂಡಿ ಹೊಲಿದಿದ್ದ, ಉಳಿದವರು ಅದನ್ನೇ ನಕಲು ಹೊಡೆದಿದ್ದರು. ವರ್ಲಿನ್ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದ. ಆ ಏಳು ಸುಳ್ಳರ ಮಾನ ಹರಾಜು ಹಾಕಲು ಮೂರು ಪುಟ ಬರೆದ. ಕಳಿಸಲು ಬೆರಳೆತ್ತಿದಾಗ ನೋರೀನ್ ತಡೆದಳು.

"ಒಳಗಿರೋ ಮೆತ್ತೇದೂ ಒಂದು ಫೋಟೋ ಹಾಕು. ಹೊಸದಾಗೇ ಇದೆ ಅಂತ ಕಾಣಲಿ."

ಅವನು ಚಾಕು ತಂದು ಜಿಂಕೆಗಳನ್ನು ಸೀಳಿದ. ಒಳಗೆ ಎರಡು ಉಣ್ಣೆಯ ಕಾಲುಚೀಲಗಳಿದ್ದವು, ಮೇಲೊಂದು ಕಾರ್ಡು: 'ಗಾರ್ತ್‌ಗೆ, ಅಕ್ಕನ ಪ್ರೀತಿ.'

ಸೋಮವಾರ ವರ್ಲಿನ್ ಗಾರ್ತ್‌ನ ಗ್ಯಾರೇಜಿಗೆ ಹೋದದ್ದು ಕೂಲಿಗಲ್ಲ, ಹನ್ನೊಂದು ಮಂಡಿಗಳ ಅಳತೆ ತೆಗೆದುಕೊಳ್ಳಲು. ಹನ್ನೆರಡನೆಯದು ಗಾರ್ತ್‌ನದು, ಅದಕ್ಕೆ ಮೆತ್ತೆ ಆಗಲೇ ಕಟ್ಟಿತ್ತು.